ಟರ್ಕಿಯ ಪಾಸ್‌ಪೋರ್ಟ್ ಹಿಡಿದು ಹೊರಡುವವರಿಗೆ: ವೀಸಾ ಅರ್ಜಿಯಿಂದ ಗಡಿ ದಾಟುವವರೆಗೆ

ಟರ್ಕಿಯವರೊಬ್ಬರು ವಿದೇಶ ಪ್ರವಾಸದ ಮಾತೆತ್ತಿದರೆ, ವಿಷಯ ಬಲ್ಲವರು ಕೇಳುವ ಮೊದಲ ಪ್ರಶ್ನೆ ಅವರ ಪಾಸ್‌ಪೋರ್ಟಿನ ಬಣ್ಣ ಯಾವುದು ಎಂಬುದು. ಒಂದೇ ಮನೆಯಲ್ಲಿ ಅಣ್ಣನಿಗೆ ಹಸಿರು ಪಾಸ್‌ಪೋರ್ಟ್ ಇದ್ದು, ಜೊತೆಗೆ ಹೊರಟ ಅವನ ತಮ್ಮನ ಕೈಯಲ್ಲಿ ಕಡುಗೆಂಪು ಪಾಸ್‌ಪೋರ್ಟ್ ಇದ್ದರೆ, ಅಣ್ಣ ನಾಳೆಯೇ ಪ್ಯಾರಿಸ್‌ಗೆ ವಿಮಾನ ಹತ್ತಬಹುದು, ತಮ್ಮ ಮಾತ್ರ ತಿಂಗಳುಗಟ್ಟಲೆ ಸರದಿ ಕಾಯಬೇಕಾಗುತ್ತದೆ. ಇಸ್ತಾಂಬುಲ್, ಬರ್ಲಿನ್, ದೋಹಾದಂಥ ಊರುಗಳಲ್ಲಿ ಟರ್ಕಿಯವರೊಡನೆ ಕೆಲಸ ಮಾಡುವ ಕನ್ನಡಿಗರಿದ್ದಾರೆ, ಟರ್ಕಿಯ ಮನೆತನಗಳೊಡನೆ ನೆಂಟಸ್ತನ ಬೆಳೆಸಿದವರೂ ಇದ್ದಾರೆ. ಒಟ್ಟಿಗೆ ಪ್ರವಾಸ ಹೊರಡುವಾಗ ನಮ್ಮ ಪಾಸ್‌ಪೋರ್ಟಿನ ನಿಯಮವನ್ನೇ ಅವರಿಗೂ ಅನ್ವಯಿಸಿ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಆದ್ದರಿಂದ ಟರ್ಕಿಯ ಪ್ರಯಾಣಿಕರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ಮೊದಲಿನಿಂದ ವಿವರಿಸಿದ್ದೇನೆ. ಇಲ್ಲಿರುವುದು 2025ರ ಕೊನೆಯ ಹೊತ್ತಿಗೆ ತಿಳಿದಿದ್ದ ನಿಯಮಗಳು. ಟಿಕೆಟ್‌ಗೆ ಹಣ ಕಟ್ಟುವ ದಿನ ಟರ್ಕಿಯ ವಿದೇಶಾಂಗ ಸಚಿವಾಲಯದ ಜಾಲತಾಣವನ್ನೂ, ಹೋಗುವ ದೇಶದ ರಾಯಭಾರ ಕಚೇರಿಯ ಜಾಲತಾಣವನ್ನೂ ಮತ್ತೊಮ್ಮೆ ನೋಡಲೇಬೇಕು.

ಮೊದಲ ಹೆಜ್ಜೆ: ಪಾಸ್‌ಪೋರ್ಟಿನ ಬಗೆ ಮತ್ತು ಅವಧಿ

ಸಾಮಾನ್ಯ ನಾಗರಿಕರಿಗೆ ಸಿಗುವುದು ಕಡುಗೆಂಪು ಬಣ್ಣದ, ಅಲ್ಲಿನವರು 'ಬೋರ್ದೊ' ಎಂದು ಕರೆಯುವ ಪಾಸ್‌ಪೋರ್ಟ್. ಸರ್ಕಾರಿ ನೌಕರಿಯಲ್ಲಿ ಮೊದಲ ಮೂರು ದರ್ಜೆಗಳಿಗೆ ಏರಿದವರಿಗೆ ಹಸಿರು, ಅಂದರೆ 'ಯೆಶಿಲ್' ಪಾಸ್‌ಪೋರ್ಟ್ ದೊರೆಯುತ್ತದೆ. ಅವರ ಸಂಗಾತಿಗೂ, ಷರತ್ತುಗಳಿಗೆ ಒಳಪಟ್ಟು 25 ವರ್ಷದೊಳಗಿನ ಅವಿವಾಹಿತ ಮಕ್ಕಳಿಗೂ ಅದೇ ಹಕ್ಕಿದೆ. ನಿಗದಿತ ಮೊತ್ತದ ರಫ್ತು ಮಾಡುವ ಉದ್ಯಮಿಗಳನ್ನೂ, 15 ವರ್ಷ ವೃತ್ತಿಯಲ್ಲಿರುವ ವಕೀಲರನ್ನೂ ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಸೇರಿಸಲಾಗಿದೆ. ಸರ್ಕಾರದ ಅಥವಾ ಪುರಸಭೆಯ ಕೆಲಸದ ಮೇಲೆ ಹೋಗುವವರಿಗೆ ಬೂದು ಬಣ್ಣದ ಪಾಸ್‌ಪೋರ್ಟನ್ನೂ ರಾಜತಾಂತ್ರಿಕರಿಗೆ ಕಪ್ಪು ಪಾಸ್‌ಪೋರ್ಟನ್ನೂ ಕೊಡುತ್ತಾರೆ. ಹಸಿರು ಪಾಸ್‌ಪೋರ್ಟ್ ಇದ್ದವರು ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಅಲ್ಪಾವಧಿಗೆ ವೀಸಾ ಇಲ್ಲದೆ ಹೋಗಬಹುದು. ಆದರೆ ಬ್ರಿಟನ್ನಿಗೂ ಅಮೆರಿಕಕ್ಕೂ ಹಸಿರು ಪಾಸ್‌ಪೋರ್ಟಿನವರು ವೀಸಾ ಪಡೆಯಲೇಬೇಕು. ಹಸಿರು ಸಿಕ್ಕಿದರೆ ಜಗತ್ತೆಲ್ಲ ತೆರೆದಂತೆ ಎಂದು ನಂಬಿ ಟಿಕೆಟ್ ಕೊಂಡವರು ಇಲ್ಲಿಯೇ ಎಡವುತ್ತಾರೆ.

2018ರಿಂದ ಪಾಸ್‌ಪೋರ್ಟ್ ಕೊಡುವ ಕೆಲಸ ಪೊಲೀಸರ ಕೈಯಿಂದ ಜನಸಂಖ್ಯೆ ಮತ್ತು ಪೌರತ್ವ ವ್ಯವಹಾರಗಳ ಮಹಾನಿರ್ದೇಶನಾಲಯಕ್ಕೆ, ಜನರ ಬಾಯಲ್ಲಿ 'ನ್ಯುಫುಸ್' ಕಚೇರಿಗೆ, ವರ್ಗವಾಗಿದೆ. 199ಕ್ಕೆ ಕರೆ ಮಾಡಿ ಅಥವಾ ಜಾಲತಾಣದಲ್ಲಿ ದಿನ ಗೊತ್ತುಪಡಿಸಿಕೊಂಡು, ಗುರುತಿನ ಚೀಟಿ ಮತ್ತು ಬಯೋಮೆಟ್ರಿಕ್ ಫೋಟೊದೊಂದಿಗೆ ಹೋಗಿ ಬೆರಳಚ್ಚು ಕೊಟ್ಟರೆ, ಪುಸ್ತಕ ಅಂಚೆಯಲ್ಲಿ ಮನೆಗೆ ಬರುತ್ತದೆ. ಅವಧಿಗೆ ಅನುಗುಣವಾದ ಶುಲ್ಕ ಬೇರೆ, ಪುಸ್ತಕದ ಬೆಲೆ ಬೇರೆ. 25 ವರ್ಷದೊಳಗಿನ ವಿದ್ಯಾರ್ಥಿಗಳು ಪುಸ್ತಕದ ಬೆಲೆ ಮಾತ್ರ ಕಟ್ಟಿದರೆ ಸಾಕು. ಈ ಮೊತ್ತಗಳು ಸಾಮಾನ್ಯವಾಗಿ ಪ್ರತಿ ಜನವರಿಯಲ್ಲಿ ಏರುವುದರಿಂದ, ನವೀಕರಣ ಮಾಡಿಸಬೇಕಾದವರು ಡಿಸೆಂಬರಿನಲ್ಲೇ ಮುಗಿಸಿಕೊಳ್ಳುವುದು ಲೇಸು.

ಅವಧಿಯ ವಿಚಾರದಲ್ಲಿ ಆರು ತಿಂಗಳು ಎಂಬ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲೂ ತೊಡಕಾಗುವುದಿಲ್ಲ. ಷೆಂಗೆನ್ ನಿಯಮದ ಪ್ರಕಾರ ಹಿಂದಿರುಗುವ ದಿನದಿಂದ ಮುಂದಕ್ಕೆ ಮೂರು ತಿಂಗಳ ಅವಧಿ ಉಳಿದಿರಬೇಕು, ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು ಮತ್ತು ಎರಡು ಪುಟಗಳಾದರೂ ಖಾಲಿ ಇರಬೇಕು. ಏಷ್ಯಾದ ಹಲವು ದೇಶಗಳು ಆರು ತಿಂಗಳನ್ನೇ ಕೇಳುತ್ತವೆ.

ಹೆಸರಿನ ಕಾಗುಣಿತದ ಬಗ್ಗೆಯೂ ಎಚ್ಚರ ಬೇಕು. ಟರ್ಕಿಶ್ ಲಿಪಿಯಲ್ಲಿ ಕೆಳಗೆ ಬಾಲವಿರುವ ಎಸ್, ತಲೆಯ ಮೇಲೆ ಬಟ್ಟಲಿನಂಥ ಗುರುತಿರುವ ಜಿ, ಚುಕ್ಕಿಯಿಲ್ಲದ ಐ ಮುಂತಾದ ಅಕ್ಷರಗಳಿವೆ. ವಿಮಾನದ ಟಿಕೆಟ್, ಇ-ವೀಸಾ ಅರ್ಜಿ ಮತ್ತು ವಿಮೆಯ ಪತ್ರದಲ್ಲಿ ಇವನ್ನು ತಮಗೆ ತೋಚಿದಂತೆ ಬರೆಯದೆ, ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಭಾಗದಲ್ಲಿ ಬಾಣದ ಗುರುತುಗಳೊಡನೆ ಅಚ್ಚಾಗಿರುವ ಎರಡು ಸಾಲುಗಳಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಬರೆಯಬೇಕು, ಏಕೆಂದರೆ ಗಡಿಯ ಯಂತ್ರ ಓದುವುದು ಆ ಎರಡು ಸಾಲುಗಳನ್ನು. ಮದುವೆಯ ನಂತರ ಅಡ್ಡಹೆಸರು ಬದಲಾದ ಮಹಿಳೆಯರು ಟಿಕೆಟ್ ಕೊಳ್ಳುವ ಮೊದಲೇ ಹೊಸ ಹೆಸರಿನ ಪಾಸ್‌ಪೋರ್ಟ್ ಪಡೆದಿರಬೇಕು. ಹಳೆಯ ಪಾಸ್‌ಪೋರ್ಟಿನಲ್ಲಿ ಇನ್ನೂ ಅವಧಿಯುಳ್ಳ ವೀಸಾ ಉಳಿದಿದ್ದರೆ ಎರಡೂ ಪುಸ್ತಕಗಳನ್ನು ಒಟ್ಟಿಗೆ ಒಯ್ಯಬೇಕು.

ಎರಡನೆಯ ಹೆಜ್ಜೆ: ಹೋಗುವ ದೇಶ ಯಾವ ಬಗೆಯದು ಎಂದು ತಿಳಿಯುವುದು

ಬೋರ್ದೊ ಪಾಸ್‌ಪೋರ್ಟಿನವರ ಪಾಲಿಗೆ ದೇಶಗಳು ನಾಲ್ಕು ಬಗೆ: ಗುರುತಿನ ಚೀಟಿ ತೋರಿಸಿದರೆ ಸಾಕೆನ್ನುವವು, ಪಾಸ್‌ಪೋರ್ಟ್ ಇದ್ದರೆ ವೀಸಾ ಕೇಳದವು, ಆನ್‌ಲೈನ್‌ನಲ್ಲಿ ಅನುಮತಿ ಪಡೆಯಬೇಕಾದವು, ಮತ್ತು ಕಾನ್ಸುಲೇಟಿನ ಮೂಲಕವೇ ವೀಸಾ ಪಡೆಯಬೇಕಾದವು.

ಗುರುತಿನ ಚೀಟಿಯಲ್ಲಿ ಹೋಗಬಹುದಾದ ದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಜಾರ್ಜಿಯಾ. 2011ರ ಕೊನೆಯಿಂದ ಟರ್ಕಿಯವರು ಅಲ್ಲಿಗೆ ಪಾಸ್‌ಪೋರ್ಟ್ ಇಲ್ಲದೆ ಹೋಗುತ್ತಿದ್ದಾರೆ. ಕಪ್ಪು ಸಮುದ್ರದ ಅಂಚಿನ ಸಾರ್ಪ್ ಗಡಿದ್ವಾರ ದಾಟಿದರೆ ಬಟುಮಿ ನಗರ ಕೂಗಳತೆಯಲ್ಲಿದೆ. ಆದರೆ ಚೀಟಿ ಹೊಸ ಮಾದರಿಯದು, ಅಂದರೆ ಚಿಪ್ ಇರುವ ಕಾರ್ಡ್ ಆಗಿರಬೇಕು. ಹದಿನೈದು ವರ್ಷದೊಳಗಿನ ಮಕ್ಕಳ ಕಾರ್ಡಿನಲ್ಲಿ ಸಾಮಾನ್ಯವಾಗಿ ಫೋಟೊ ಇರುವುದಿಲ್ಲ. ಅಂಥ ಕಾರ್ಡ್ ಗಡಿಯಲ್ಲಿ ತಕರಾರಿಗೆ ಕಾರಣವಾಗಬಹುದಾದ್ದರಿಂದ, ಕೇಳಿ ಫೋಟೊ ಹಾಕಿಸಿಕೊಳ್ಳುವುದು ಅಥವಾ ಮಗುವಿಗೂ ಪಾಸ್‌ಪೋರ್ಟ್ ಮಾಡಿಸುವುದು ಒಳ್ಳೆಯದು. 2026ರ ಜನವರಿ 1ರಿಂದ ಜಾರ್ಜಿಯಾಕ್ಕೆ ಬರುವ ಪ್ರವಾಸಿಗರಿಗೆ ಆರೋಗ್ಯ ಮತ್ತು ಅಪಘಾತ ವಿಮೆ ಕಡ್ಡಾಯ, ವಿಮೆಯ ಮೊತ್ತ ಕನಿಷ್ಠ 30,000 ಲಾರಿ (ಜಾರ್ಜಿಯಾದ ನಾಣ್ಯ) ಇರಬೇಕು. ವೀಸಾ ಬೇಡವೆಂದ ಮಾತ್ರಕ್ಕೆ ಕಾಗದವೇ ಬೇಡವೆಂದು ತಿಳಿಯಬಾರದು ಎಂಬುದಕ್ಕೆ ಇದು ತಕ್ಕ ಉದಾಹರಣೆ. ದಂಪತಿಗಳಲ್ಲಿ ಒಬ್ಬರದು ಭಾರತದ ಪಾಸ್‌ಪೋರ್ಟ್ ಆಗಿದ್ದರೆ ಅವರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ, ಅವರ ವೀಸಾ ವಿಚಾರವನ್ನು ಬೇರೆಯಾಗಿಯೇ ನೋಡಬೇಕು.

ಅಜರ್‌ಬೈಜಾನಿಗೂ 2021ರ ಏಪ್ರಿಲ್‌ನಿಂದ ಚಿಪ್ ಕಾರ್ಡಿನಲ್ಲಿ ನೇರ ಪ್ರಯಾಣ ಸಾಧ್ಯವಿದೆ. ಆದರೆ ಆ ದೇಶ 2020ರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ತನ್ನ ಭೂಗಡಿಗಳನ್ನು ತೆರೆಯದೆ, ಆ ನಿರ್ಬಂಧದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸುತ್ತಲೇ ಬಂದಿದೆ. ಆದ್ದರಿಂದ ತ್ಬಿಲಿಸಿಯವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಬಾಕುವಿಗೆ ರಸ್ತೆಯಲ್ಲಿ ಸಾಗುವ ಯೋಜನೆ ಹಾಕದೆ, ವಿಮಾನದಲ್ಲಿಯೇ ಹೋಗಬೇಕು.

ಪಾಸ್‌ಪೋರ್ಟ್ ಮಾತ್ರ ಸಾಕಾಗುವ ದೇಶಗಳ ಪಟ್ಟಿ ಉದ್ದವಿದೆ: ಬೋಸ್ನಿಯಾ, ಸರ್ಬಿಯಾ, ಉತ್ತರ ಮ್ಯಾಸಿಡೋನಿಯಾ, ಅಲ್ಬೇನಿಯಾ, ಕಝಾಕಸ್ತಾನ್, ಮೊರಾಕ್ಕೊ, ಟ್ಯುನಿಷಿಯಾ, ಕತಾರ್, ಜಪಾನ್, ಮಲೇಷ್ಯಾ, ಸಿಂಗಪುರ, ಬ್ರೆಜಿಲ್, ಅರ್ಜೆಂಟೀನಾ ಇತ್ಯಾದಿ. ಎಷ್ಟು ದಿನ ಇರಬಹುದು ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಇಂಥ ದೇಶಗಳಿಗೂ ಹಿಂದಿರುಗುವ ಟಿಕೆಟ್, ಉಳಿಯುವ ಜಾಗದ ವಿವರ ಮತ್ತು ಖರ್ಚಿಗೆ ಹಣವಿರುವ ಪುರಾವೆ ಕೈಯಲ್ಲಿರಬೇಕು. ಮಲೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡ್‌ಗಳು ಪ್ರಯಾಣಕ್ಕೆ ಮುಂಚಿನ ಮೂರು ದಿನಗಳೊಳಗೆ ಆಗಮನದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿಸಿಕೊಳ್ಳುತ್ತವೆ. ಅದಕ್ಕೆ ಶುಲ್ಕವಿಲ್ಲ, ಶುಲ್ಕ ಕೇಳುವ ತಾಣ ಸಿಕ್ಕಿದರೆ ಅದು ಸರ್ಕಾರದ್ದಲ್ಲ. ದಕ್ಷಿಣ ಕೊರಿಯಾಕ್ಕೆ ವೀಸಾ ಬೇಡವಾದರೂ ಕೆ-ಇಟಿಎ ಎಂಬ ಮುಂಗಡ ಅನುಮತಿ ಬೇಕೇ ಎಂದು ಪರಿಶೀಲಿಸಿ, ಬೇಕಿದ್ದರೆ ಪಡೆದುಕೊಂಡೇ ವಿಮಾನ ಹತ್ತಬೇಕು.

ಈ ಪಟ್ಟಿ ಎಷ್ಟು ಬೇಗ ಬದಲಾಗಬಹುದೆಂಬುದನ್ನು ಮಾಂಟೆನೆಗ್ರೊ ತೋರಿಸಿಕೊಟ್ಟಿದೆ. 2025ರ ಅಕ್ಟೋಬರ್ ಕೊನೆಯಲ್ಲಿ ರಾಜಧಾನಿ ಪೋಡ್ಗೊರಿಕಾದಲ್ಲಿ ನಡೆದ ಒಂದು ಹಲ್ಲೆಯ ಬಳಿಕ, ಆ ದೇಶ ಟರ್ಕಿಯವರಿಗಿದ್ದ ವೀಸಾರಹಿತ ಪ್ರವೇಶವನ್ನು ಕೆಲವೇ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿತು. ಹಲವು ವರ್ಷಗಳಿಂದ ನಿಶ್ಚಿಂತೆಯಿಂದ ಹೋಗಿಬರುತ್ತಿದ್ದ ಜನರು ಒಮ್ಮೆಗೇ ದಿಕ್ಕು ತೋಚದಂತಾದರು.

ರಷ್ಯಾದ ಕಥೆಯೂ ಹೀಗೆಯೇ. 2015ರ ನವೆಂಬರಿನಲ್ಲಿ ಟರ್ಕಿಯು ರಷ್ಯಾದ ಯುದ್ಧವಿಮಾನವನ್ನು ಹೊಡೆದುರುಳಿಸಿದ ಘಟನೆಯ ನಂತರ, 2016ರ ಜನವರಿಯಿಂದ ಟರ್ಕಿಯವರಿಗೆ ವೀಸಾ ಮತ್ತೆ ಕಡ್ಡಾಯವಾಯಿತು. 2023ರ ಆಗಸ್ಟಿನಿಂದ ಇ-ವೀಸಾ ದೊರೆಯುತ್ತಿದೆ. ಇ-ವೀಸಾದಲ್ಲಿ ರಷ್ಯಾದ ಎಲ್ಲ ಗಡಿದ್ವಾರಗಳನ್ನೂ ದಾಟಲಾಗುವುದಿಲ್ಲ, ನಿಗದಿತ ದ್ವಾರಗಳ ಪಟ್ಟಿ ನೋಡಿಕೊಂಡೇ ದಾರಿ ಗೊತ್ತುಮಾಡಬೇಕು.

ಗ್ರೀಕ್ ದ್ವೀಪಗಳು: ಬಂದರಿನಲ್ಲಿ ಸಿಗುವ ವೀಸಾ

ಏಜಿಯನ್ ತೀರದಲ್ಲಿ ನಿಂತರೆ ಎದುರಿಗೇ ಕಾಣುವ ದ್ವೀಪಗಳಿಗೆ ಹೋಗಲು 2024ರ ವಸಂತದಿಂದ ಒಂದು ಸರಳ ದಾರಿ ತೆರೆದಿದೆ. ಜನ ಇದನ್ನು 'ಕಪಿದಾ ವೀಜೆ', ಅಂದರೆ ಬಾಗಿಲ ವೀಸಾ ಎನ್ನುತ್ತಾರೆ. ಆಯ್ವಾಲಿಕ್‌ನಿಂದ ಲೆಸ್ಬೋಸ್, ಚೆಶ್ಮೆಯಿಂದ ಕಿಯೋಸ್, ಕುಶಾದಾಸಿಯಿಂದ ಸಾಮೋಸ್, ಬೋದ್ರುಮ್‌ನಿಂದ ಕೋಸ್, ಮಾರ್ಮಾರಿಸ್‌ನಿಂದ ರೋಡ್ಸ್, ಕಾಶ್‌ನಿಂದ ಕಾಸ್ತೆಲೋರಿಜೊ ಹೀಗೆ ದೋಣಿಗಳು ಹೊರಡುತ್ತವೆ. ಹೆಸರು ಬಾಗಿಲ ವೀಸಾ ಎಂದಿದ್ದರೂ ಬರಿಗೈಯಲ್ಲಿ ಬಾಗಿಲಿಗೆ ಹೋಗಿ ನಿಲ್ಲುವಂತಿಲ್ಲ: ದೋಣಿ ಕಂಪನಿ ಅಥವಾ ಏಜೆನ್ಸಿಯ ಮೂಲಕ ಕೆಲವು ದಿನ ಮುಂಚೆಯೇ ಪಾಸ್‌ಪೋರ್ಟಿನ ಪ್ರತಿ, ಫೋಟೊ, ಹೋಟೆಲ್ ಕಾಯ್ದಿರಿಸಿದ ಪತ್ರ, ಹೋಗಿಬರುವ ದೋಣಿ ಟಿಕೆಟ್, ವಿಮೆ ಮತ್ತು ಹಣದ ಪುರಾವೆಗಳನ್ನು ಕಳುಹಿಸಿರಬೇಕು. ದ್ವೀಪದ ಬಂದರಿನಲ್ಲಿ ಬೆರಳಚ್ಚು ಪಡೆದು, ಶುಲ್ಕ ಕಟ್ಟಿಸಿಕೊಂಡು, ವೀಸಾ ಅಂಟಿಸುತ್ತಾರೆ.

ಈ ವೀಸಾದ ಮಿತಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗರಿಷ್ಠ ಏಳು ದಿನ, ಒಂದೇ ಬಾರಿಯ ಪ್ರವೇಶ, ಇಳಿದ ದ್ವೀಪದಲ್ಲಿ ಮಾತ್ರ ವಾಸ. ಕೋಸ್‌ನಲ್ಲಿ ಇಳಿದವರು ಅಲ್ಲಿಂದ ಅಥೆನ್ಸ್‌ಗಾಗಲಿ ಬೇರೆ ದ್ವೀಪಕ್ಕಾಗಲಿ ಹೋಗುವಂತಿಲ್ಲ. ಬೇಸಿಗೆಯಲ್ಲಿ ಒಂದೇ ಹೊತ್ತಿಗೆ ಎರಡು ಮೂರು ದೋಣಿಗಳು ಬಂದಿಳಿದರೆ ಸಣ್ಣ ಬಂದರಿನ ಕಿಟಕಿಯ ಮುಂದೆ ತಾಸುಗಟ್ಟಲೆ ನಿಲ್ಲಬೇಕಾಗುವುದರಿಂದ, ವಯಸ್ಸಾದವರು, ಮಕ್ಕಳು ಇರುವ ಕುಟುಂಬಗಳು ಬೆಳಗಿನ ಮೊದಲ ದೋಣಿಯನ್ನೇ ಹಿಡಿಯುವುದು ಮೇಲು. ಎರಡು ದ್ವೀಪ ನೋಡುವ ಆಸೆಯಿದ್ದವರು ಸಾಮಾನ್ಯ ಷೆಂಗೆನ್ ವೀಸಾಕ್ಕೇ ಅರ್ಜಿ ಹಾಕಬೇಕು. ಈ ಏರ್ಪಾಡು ಕಾಲಕಾಲಕ್ಕೆ ನವೀಕರಣವಾಗುವ ವಿಶೇಷ ಅನುಮತಿಯಾದ್ದರಿಂದ, ಹೋಟೆಲಿಗೆ ಮುಂಗಡ ಕೊಡುವ ಮೊದಲು ಅದು ಚಾಲ್ತಿಯಲ್ಲಿದೆಯೇ ಎಂದು ದೋಣಿ ಕಂಪನಿಯನ್ನು ಕೇಳಿ ತಿಳಿಯಬೇಕು.

ಷೆಂಗೆನ್ ವೀಸಾ: ತಾಳ್ಮೆ ಬೇಡುವ ಹಂತ

ಜರ್ಮನಿ ಟರ್ಕಿಯವರಿಗೆ ವೀಸಾ ಕಡ್ಡಾಯ ಮಾಡಿದ್ದು 1980ರ ಅಕ್ಟೋಬರಿನಲ್ಲಿ, ಅಂಕಾರಾದಲ್ಲಿ ಸೇನಾದಂಗೆ ನಡೆದ ಮರುತಿಂಗಳು. 2013ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟದೊಡನೆ ವೀಸಾರಹಿತ ಪ್ರಯಾಣದ ಮಾತುಕತೆ ಆರಂಭವಾಗಿ, 72 ಷರತ್ತುಗಳ ಪಟ್ಟಿ ಸಿದ್ಧವಾಯಿತು. ಅವುಗಳಲ್ಲಿ ಆರು ಷರತ್ತುಗಳು ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದವು. ಇತ್ತ 2024ರ ಒಂದೇ ವರ್ಷದಲ್ಲಿ ಟರ್ಕಿಯಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಸಲ್ಲಿಕೆಯಾದವು, ನೂರಕ್ಕೆ ಸುಮಾರು 14 ತಿರಸ್ಕೃತವಾದವು. ಮಗಳ ಹೆರಿಗೆಗೆ ಹೋಗಬೇಕಾದ ತಾಯಿ, ಸಮ್ಮೇಳನದಲ್ಲಿ ಪ್ರಬಂಧ ಓದಬೇಕಾದ ಸಂಶೋಧಕ ಇಂಥವರೆಲ್ಲ ಅದೇ ಸರದಿಯಲ್ಲಿ ನಿಂತಿರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಆ ಸರದಿಯಲ್ಲಿ ನಿಲ್ಲುವವರಿಗೆ ತಪ್ಪಿಲ್ಲದ ಕಡತವೊಂದೇ ಆಸರೆ ಎಂಬ ಕಾರಣಕ್ಕೆ ಈ ಭಾಗವನ್ನು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಯಾವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ಮೊದಲು ತೀರ್ಮಾನವಾಗಬೇಕು. ಪ್ರವಾಸದ ಮುಖ್ಯ ಉದ್ದೇಶ ಯಾವ ದೇಶದಲ್ಲಿದೆಯೋ, ಅಥವಾ ಹೆಚ್ಚು ದಿನ ಎಲ್ಲಿ ಉಳಿಯುತ್ತಾರೋ ಆ ದೇಶಕ್ಕೆ ಅರ್ಜಿ ಸಲ್ಲಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬಲ್ಗೇರಿಯಾ ಮತ್ತು ರೊಮೇನಿಯಾಗಳು 2025ರ ಜನವರಿ 1ರಿಂದ ಪೂರ್ಣವಾಗಿ ಸೇರಿದ ಮೇಲೆ ಷೆಂಗೆನ್ ವಲಯದಲ್ಲಿ 29 ದೇಶಗಳಿವೆ; ಐರ್ಲೆಂಡ್ ಇದರಲ್ಲಿಲ್ಲ. ಬೇಗ ದಿನ ಸಿಗುತ್ತದೆಂದು ಒಂದು ದೇಶದ ವೀಸಾ ಪಡೆದು, ಆ ದೇಶಕ್ಕೆ ಹೋಗದೆ ಇನ್ನೊಂದರಲ್ಲಿಯೇ ಕಾಲ ಕಳೆದರೆ, ಗಡಿಯಲ್ಲಿಯೂ ಮುಂದಿನ ಅರ್ಜಿಯಲ್ಲಿಯೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, 15 ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ. ತೀರ್ಮಾನಕ್ಕೆ 15 ದಿನಗಳ ಅವಧಿಯಿದ್ದು, ಅಗತ್ಯಬಿದ್ದರೆ ಅದು 45 ದಿನಗಳವರೆಗೆ ಹಿಗ್ಗುತ್ತದೆ. ಕಾಗದದ ಮೇಲೆ ಲೆಕ್ಕ ಸರಳವೆನಿಸಿದರೂ, ಅರ್ಜಿ ಸಲ್ಲಿಸುವ ದಿನವೇ, ಅಂದರೆ ಟರ್ಕಿಯವರು ನಿಟ್ಟುಸಿರು ಬಿಟ್ಟು ಹೇಳುವ 'ರಾಂದೆವು' ಸಿಗುವುದೇ ಕಷ್ಟ. ಅರ್ಜಿಗಳನ್ನು ಕಾನ್ಸುಲೇಟುಗಳ ಪರವಾಗಿ ಮಧ್ಯವರ್ತಿ ಕಂಪನಿಗಳು ಪಡೆಯುತ್ತವೆ. ಖಾಲಿ ದಿನಗಳನ್ನು ಗುತ್ತಿಗೆ ಹಿಡಿದಂತೆ ಕಬಳಿಸಿ ಹೆಚ್ಚು ಹಣಕ್ಕೆ ಮಾರುವವರೂ ಇದ್ದಾರೆ. ಅವರಿಗೆ ಪಾಸ್‌ಪೋರ್ಟಿನ ಪ್ರತಿ ಮತ್ತು ಹಣ ಎರಡನ್ನೂ ಕೊಟ್ಟು ಕೈ ಸುಟ್ಟುಕೊಳ್ಳುವುದಕ್ಕಿಂತ, ಅಧಿಕೃತ ತಾಣದಲ್ಲಿ ತಾವೇ ಖಾತೆ ತೆರೆದು ಪ್ರತಿದಿನ ನೋಡುತ್ತಿರುವುದು, ಕಾಯುವ ಪಟ್ಟಿಯ ಸೌಲಭ್ಯವಿದ್ದರೆ ಅದರಲ್ಲಿ ಹೆಸರು ಬರೆಸುವುದು ಸುರಕ್ಷಿತ. ಬೇಸಿಗೆಯ ಪ್ರವಾಸಕ್ಕೆ ಜನವರಿಯಲ್ಲೇ ಹುಡುಕಾಟ ಶುರುಮಾಡಬೇಕು. ಷೆಂಗೆನ್ ಶುಲ್ಕ 2024ರ ಜೂನ್ 11ರಿಂದ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ, ಅದಕ್ಕಿಂತ ಚಿಕ್ಕವರಿಗೆ ಶುಲ್ಕವಿಲ್ಲ. ಮಧ್ಯವರ್ತಿ ಕಂಪನಿಯ ಸೇವಾ ಶುಲ್ಕ ಪ್ರತ್ಯೇಕ. ತಮ್ಮ ಕಚೇರಿಯಲ್ಲಿ ಅವರು ತೋರಿಸುವ ವಿಶೇಷ ಕೊಠಡಿ, ಎಸ್‌ಎಂಎಸ್ ಸೇವೆ, ಫೋಟೊಕಾಪಿ ಇವೆಲ್ಲ ಐಚ್ಛಿಕ, ಬೇಡವೆನ್ನಲು ಸಂಕೋಚಪಡಬೇಕಿಲ್ಲ.

ಕಡತ ಕಟ್ಟುವ ಬಗೆ ಹೀಗಿದೆ. ಟರ್ಕಿಯಲ್ಲಿ ಹೆಚ್ಚಿನ ಸರ್ಕಾರಿ ದಾಖಲೆಗಳು 'ಇ-ದೇವ್ಲೆತ್' ಎಂಬ ಜಾಲತಾಣದಿಂದ, ತಾಳೆ ನೋಡಲು ಬಾರ್‌ಕೋಡ್ ಸಹಿತ, ಮನೆಯಲ್ಲೇ ಸಿಗುತ್ತವೆ: ಕುಟುಂಬದ ಎಲ್ಲ ಸದಸ್ಯರ ವಿವರವಿರುವ ಜನಸಂಖ್ಯಾ ನೋಂದಣಿಯ ಪ್ರತಿ, ವಾಸಸ್ಥಳದ ಪತ್ರ, ಎಷ್ಟು ವರ್ಷದಿಂದ ಯಾವ ಕೆಲಸದಲ್ಲಿದ್ದಾರೆಂದು ತೋರಿಸುವ ಸಾಮಾಜಿಕ ಭದ್ರತಾ ಸಂಸ್ಥೆಯ ದಾಖಲೆ, ಮನೆಯಿದ್ದರೆ ಅದರ ಹಕ್ಕುಪತ್ರ. ಇವುಗಳ ಜೊತೆ ಉದ್ಯೋಗದಾತರ ರಜೆಯ ಪತ್ರ, ಕಳೆದ ಮೂರು ತಿಂಗಳ ಸಂಬಳದ ಚೀಟಿಗಳು, ಬ್ಯಾಂಕಿನ ಮೊಹರು ಮತ್ತು ಸಹಿಯಿರುವ ಮೂರು ತಿಂಗಳ ಖಾತೆ ವಿವರ, ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸಿ ಆರೋಗ್ಯ ವಿಮೆ, ಹೋಟೆಲ್ ಮತ್ತು ವಿಮಾನ ಕಾಯ್ದಿರಿಸಿದ ಪತ್ರಗಳು ಸೇರಬೇಕು. ಸ್ವಂತ ವ್ಯಾಪಾರದವರು ತೆರಿಗೆ ಫಲಕದ ಪ್ರತಿ, ವಾಣಿಜ್ಯ ನೋಂದಣಿ ಪತ್ರಿಕೆ ಮತ್ತು ಅಧಿಕೃತ ಸಹಿಯ ದಾಖಲೆಯನ್ನು ಇಡುತ್ತಾರೆ. ವಿದ್ಯಾರ್ಥಿಗಳು ವಿದ್ಯಾಸಂಸ್ಥೆಯ ಪತ್ರದೊಂದಿಗೆ ಖರ್ಚು ಭರಿಸುವ ತಂದೆತಾಯಿಯ ದಾಖಲೆಗಳನ್ನೂ ಇಡಬೇಕು. ಮಕ್ಕಳು ಒಬ್ಬ ಪೋಷಕರ ಜೊತೆ ಅಥವಾ ಬೇರೆಯವರ ಜೊತೆ ಹೊರಟಿದ್ದರೆ ನೋಟರಿಯ ಮುಂದೆ ಮಾಡಿಸಿದ ಒಪ್ಪಿಗೆ ಪತ್ರ ಬೇಕು. ಟರ್ಕಿಯಲ್ಲಿ ಇದಕ್ಕೆ 'ಮುವಾಫಕತ್‌ನಾಮೆ' ಎಂದು ಹೆಸರು. ನಮ್ಮ ವಕಾಲತ್ತುನಾಮೆಯನ್ನು ಬಲ್ಲವರಿಗೆ ಆ ಪದದ ಬಾಲ ಪರಿಚಿತವೆನಿಸುತ್ತದೆ. ಸ್ವತಃ ವಕಾಲತ್ತುನಾಮೆಯೂ ಅಲ್ಲಿ 'ವೆಕಾಲೆತ್‌ನಾಮೆ' ಎಂಬ ರೂಪದಲ್ಲಿ ದಿನಬಳಕೆಯಲ್ಲಿದೆ.

ಕಡತ ದಪ್ಪವಾಗಿದ್ದರೆ ವೀಸಾ ಸಿಗುತ್ತದೆ ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಕಾಗದಗಳು ಒಂದಕ್ಕೊಂದು ತಾಳೆಯಾಗಬೇಕು. ನನ್ನ ಪರಿಚಿತರೊಬ್ಬರು, ಖಾಸಗಿ ಶಾಲೆಯ ಶಿಕ್ಷಕಿ, ಅರ್ಜಿಗೆ ನಾಲ್ಕು ದಿನ ಮೊದಲು ಅಣ್ಣನಿಂದ ದೊಡ್ಡ ಮೊತ್ತವನ್ನು ಖಾತೆಗೆ ಹಾಕಿಸಿಕೊಂಡರು. ಮೂರು ತಿಂಗಳ ಖಾತೆ ವಿವರವನ್ನು ಮೇಜಿನ ಮೇಲೆ ಹರಡಿ ನೋಡಿದಾಗ, ಪ್ರತಿ ತಿಂಗಳ ಮೊದಲ ವಾರ ಸಂಬಳ ಬಂದು, ಬಾಡಿಗೆ, ಕರೆಂಟು, ದಿನಸಿ ಎಂದು ಸಣ್ಣ ಸಣ್ಣದಾಗಿ ಕರಗುವ ಸಾಲುಗಳ ನಡುವೆ ಆ ಒಂದು ಸಾಲು ಮಾತ್ರ ಬೇರೆ ಯಾರದೋ ಖಾತೆಯಿಂದ ಬಂದು ಸೇರಿಕೊಂಡಂತೆ ಕಾಣುತ್ತಿತ್ತು. ಅರ್ಜಿ ತಿರಸ್ಕೃತವಾಯಿತು. ಎರಡನೆಯ ಬಾರಿ ಅವರು ಆ ಹಣವನ್ನು ಬಿಟ್ಟು, ಎಂಟು ದಿನದ ಪ್ರವಾಸವನ್ನು ಐದು ದಿನಕ್ಕಿಳಿಸಿ, ಅಣ್ಣನೇ ಖರ್ಚಿನ ಒಂದು ಭಾಗ ಭರಿಸುವುದಾಗಿ ಸಹಿ ಮಾಡಿದ ಪತ್ರವನ್ನೂ ಅಣ್ಣನ ಆದಾಯದ ದಾಖಲೆಗಳನ್ನೂ ಇಟ್ಟರು. ವೀಸಾ ಬಂತು. ಸಂಬಳಕ್ಕೆ ತಕ್ಕ ಪ್ರವಾಸ, ರಜೆಯ ಪತ್ರದ ದಿನಗಳಿಗೆ ಸರಿಹೊಂದುವ ಟಿಕೆಟ್, ಟಿಕೆಟ್‌ಗೆ ಸರಿಹೊಂದುವ ಹೋಟೆಲ್, ಎಲ್ಲ ದಿನಗಳನ್ನೂ ಒಳಗೊಳ್ಳುವ ವಿಮೆ ಇವಿಷ್ಟು ಕೂಡಿಬಂದರೆ ಅಧಿಕಾರಿಗೆ ಸಂಶಯಪಡಲು ಎಡೆ ಕಡಿಮೆ. ವೀಸಾ ಕೈಸೇರುವ ತನಕ ಹಣ ವಾಪಸ್ ಬರುವಂಥ ಕಾಯ್ದಿರಿಸುವಿಕೆಯನ್ನೇ ಮಾಡಬೇಕು.

ಹಿಂದೆ ಷೆಂಗೆನ್‌ಗೆ ಕೊಟ್ಟ ಬೆರಳಚ್ಚನ್ನು 59 ತಿಂಗಳವರೆಗೆ ಮತ್ತೆ ಬಳಸಬಹುದು. 2025ರ ಜುಲೈಯಲ್ಲಿ ಯುರೋಪಿಯನ್ ಆಯೋಗ ಟರ್ಕಿಯಲ್ಲಿ ನೆಲೆಸಿರುವ ಟರ್ಕಿಯ ನಾಗರಿಕರಿಗೆಂದೇ ಒಂದು ಅನುಕೂಲ ಮಾಡಿದೆ: ಹಿಂದಿನ ವೀಸಾವನ್ನು ನಿಯಮಬದ್ಧವಾಗಿ ಬಳಸಿದವರಿಗೆ ಮುಂದಿನ ಸಲ ಆರು ತಿಂಗಳ ಬಹುಪ್ರವೇಶ ವೀಸಾ, ಆ ಬಳಿಕ ಒಂದು ವರ್ಷ, ಮೂರು ವರ್ಷ, ಐದು ವರ್ಷ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವಧಿ ಏರುತ್ತದೆ. ಪಾಸ್‌ಪೋರ್ಟಿನ ಅವಧಿ ಕಡಿಮೆಯಿದ್ದರೆ ವೀಸಾದ ಅವಧಿಯೂ ಅಷ್ಟಕ್ಕೇ ಕುಗ್ಗುವುದರಿಂದ ದೀರ್ಘಾವಧಿಯ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವುದು ಇಲ್ಲಿಯೂ ಲಾಭ. ಹಳೆಯ ವೀಸಾಗಳ ಮತ್ತು ಗಡಿ ಮುದ್ರೆಗಳ ಪ್ರತಿಗಳನ್ನು ಕಡತದ ಮೇಲ್ಭಾಗದಲ್ಲೇ ಇಡಬೇಕು.

ಬಹುಪ್ರವೇಶ ವೀಸಾ ಸಿಕ್ಕಿದರೂ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಎಂಬ ಮಿತಿ ಇದ್ದೇ ಇರುತ್ತದೆ, ಒಳಹೋದ ದಿನ ಮತ್ತು ಹೊರಬಂದ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಏಪ್ರಿಲ್ 1ರಿಂದ ಮೇ 30ರವರೆಗೆ ಜರ್ಮನಿಯಲ್ಲಿ ಇದ್ದವರು 60 ದಿನ ಬಳಸಿದಂತಾಯಿತು. ಅವರು ಆಗಸ್ಟ್ 1ರಂದು ಮತ್ತೆ ಹೋದರೆ ಆಗಸ್ಟ್ 30ರಂದು ಹೊರಬರಲೇಬೇಕು. ಏಪ್ರಿಲ್ 1ರ ದಿನ ಲೆಕ್ಕದಿಂದ ಕಳಚಿಕೊಳ್ಳುವುದು ಸೆಪ್ಟೆಂಬರ್ 28ಕ್ಕೆ. ಅಲ್ಲಿಂದ ಮುಂದೆ ದಿನಕ್ಕೊಂದರಂತೆ ಹಕ್ಕು ಮರಳಿ ಸಿಗುತ್ತದೆ. ಹಸಿರು ಪಾಸ್‌ಪೋರ್ಟಿನವರಿಗೂ ಇದೇ ಲೆಕ್ಕ.

ಬ್ರಿಟನ್, ಅಮೆರಿಕ ಮತ್ತು ನಡುದಾರಿಯ ವಿಮಾನ ನಿಲ್ದಾಣ

ಬ್ರಿಟನ್ನಿನ ಪ್ರವಾಸಿ ವೀಸಾಕ್ಕೆ ಅರ್ಜಿಯನ್ನು ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ತುಂಬಿ, ಶುಲ್ಕ ಕಟ್ಟಿ, ನಂತರ ಬಯೋಮೆಟ್ರಿಕ್ ಕೊಡಲು ಕೇಂದ್ರಕ್ಕೆ ಹೋಗಬೇಕು. 2025ರ ಏಪ್ರಿಲ್‌ನಿಂದ ಆರು ತಿಂಗಳ ವೀಸಾಕ್ಕೆ 127 ಪೌಂಡ್ ಶುಲ್ಕವಿತ್ತು, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಷೆಂಗೆನ್ ವೀಸಾ ಬ್ರಿಟನ್ನಿನಲ್ಲಿ ನಡೆಯುವುದಿಲ್ಲ.

ಅಮೆರಿಕಕ್ಕೆ ಡಿಎಸ್-160 ಅರ್ಜಿ ತುಂಬಿ, 185 ಡಾಲರ್ ಕಟ್ಟಿ, ಅಂಕಾರಾದ ರಾಯಭಾರ ಕಚೇರಿಯಲ್ಲಿ ಅಥವಾ ಇಸ್ತಾಂಬುಲ್‌ನ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ಹಾಜರಾಗಬೇಕು. 2025ರ ಸೆಪ್ಟೆಂಬರಿನಿಂದ ಸಂದರ್ಶನದ ವಿನಾಯಿತಿ ಬಹಳ ಮಟ್ಟಿಗೆ ಮೊಟಕಾಗಿದ್ದು, ಬೇರೆ ದೇಶಕ್ಕೆ ಹೋಗಿ ಬೇಗ ದಿನ ಪಡೆಯುವ ದಾರಿಯೂ ಇಕ್ಕಟ್ಟಾಗಿದೆ. ಸಂದರ್ಶನದ ಕಿಟಕಿಯಲ್ಲಿ ಮಾತು ಕೆಲವೇ ನಿಮಿಷದ್ದು. ಯಾಕೆ ಹೋಗುತ್ತೀರಿ, ಯಾರು ಖರ್ಚು ಕೊಡುತ್ತಾರೆ, ಇಲ್ಲಿ ಏನು ಕೆಲಸ ಎಂಬ ಮೂರು ಪ್ರಶ್ನೆಗಳಿಗೆ ಅರ್ಜಿಯಲ್ಲಿ ಬರೆದದ್ದನ್ನೇ ನೇರವಾಗಿ ಹೇಳಬೇಕು.

ನಡುದಾರಿಯ ನಿಲ್ದಾಣವನ್ನು ಬಹಳ ಜನ ಮರೆಯುತ್ತಾರೆ. ಬ್ರೆಜಿಲ್‌ಗೆ ವೀಸಾ ಬೇಡವೆಂದು ಅಗ್ಗದ ಟಿಕೆಟ್ ಹುಡುಕಿ ಫ್ರಾಂಕ್‌ಫರ್ಟ್ ಮೂಲಕ ಹೊರಟ ಟರ್ಕಿಯ ಪ್ರಯಾಣಿಕರಿಗೆ, ನಿಲ್ದಾಣದಿಂದ ಹೊರಗೆ ಬರದಿದ್ದರೂ, ವಿನಾಯಿತಿಗೆ ಅರ್ಹರಲ್ಲದಿದ್ದರೆ ಜರ್ಮನಿಯ ವಿಮಾನ ನಿಲ್ದಾಣ ಸಂಚಾರ ವೀಸಾ ಬೇಕಾಗುತ್ತದೆ. ಅಮೆರಿಕದ ಮೂಲಕ ಹಾದುಹೋಗಲು ವೀಸಾ ಇಲ್ಲದೆ ಸಾಧ್ಯವೇ ಇಲ್ಲ. ಟಿಕೆಟ್‌ನಲ್ಲಿ ಉಳಿಯುವ ಹಣ ಇಲ್ಲಿ ಕೈಬಿಟ್ಟುಹೋಗಬಾರದೆಂದರೆ ಇಸ್ತಾಂಬುಲ್‌ನಿಂದ ನೇರ ವಿಮಾನವನ್ನೇ ಆರಿಸಬೇಕು.

ಹೊರಡುವ ದಿನ ಮತ್ತು ಗಡಿಯಲ್ಲಿ

ಟರ್ಕಿಯ ನಾಗರಿಕರು ದೇಶ ಬಿಡುವಾಗ ನಿರ್ಗಮನ ಶುಲ್ಕ ಕಟ್ಟಬೇಕು. 2024ರ ಆಗಸ್ಟಿನಲ್ಲಿ ಇದು 150 ಲಿರಾದಿಂದ 500 ಲಿರಾಕ್ಕೆ ಏರಿತು, ಅನಂತರವೂ ಪರಿಷ್ಕರಣೆಯಾಗಿದೆ. ಏಳು ವರ್ಷ ತುಂಬದ ಮಕ್ಕಳಿಗೂ, ವಿದೇಶದಲ್ಲಿ ನೆಲೆಸಿರುವ ಪರವಾನಗಿ ಇದ್ದವರಿಗೂ ವಿನಾಯಿತಿಯಿದೆ. ತೆರಿಗೆ ಇಲಾಖೆಯ ಜಾಲತಾಣದಲ್ಲಿ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿ ಹಿಂದಿನ ದಿನವೇ ಕಟ್ಟಿದರೆ ನಿಲ್ದಾಣದ ಸಾಲು ತಪ್ಪುತ್ತದೆ.

ಬಲ್ಗೇರಿಯಾದತ್ತ ಇರುವ ಕಾಪಿಕುಲೆ ಅಥವಾ ಗ್ರೀಸಿನತ್ತ ಇರುವ ಇಪ್ಸಲಾ ಗಡಿಯ ಮೂಲಕ ಕಾರಿನಲ್ಲಿ ಹೋಗುವವರು 'ಹಸಿರು ಕಾರ್ಡ್' ಎಂಬ ಅಂತರರಾಷ್ಟ್ರೀಯ ವಾಹನ ವಿಮೆ ಮಾಡಿಸಿರಬೇಕು, ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅದರ ಮಾಲೀಕರು ಬರೆದುಕೊಟ್ಟ ಅಧಿಕಾರಪತ್ರ, ಅಂದರೆ ಆಗಲೇ ಹೇಳಿದ ವೆಕಾಲೆತ್‌ನಾಮೆಯೂ ಜೊತೆಗಿರಬೇಕು. ಜರ್ಮನಿಯ ನೆಂಟರಿಗೆಂದು ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಸುಜುಕ್, ಪಾಸ್ತಿರ್ಮಾ ಎಂಬ ಮಾಂಸದ ತಿನಿಸುಗಳು, ಬಿಳಿ ಚೀಸ್ ಇವು ಯಾವುವನ್ನೂ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಮಾಂಸ ಮತ್ತು ಹಾಲಿನ ಉತ್ಪನ್ನಗಳಿಗೆ ನಿಷೇಧವಿದ್ದು, ಸಿಕ್ಕಿದರೆ ಕಸದ ಡಬ್ಬಕ್ಕೆ ಹೋಗುತ್ತವೆ. ನಗದು 10,000 ಯೂರೊ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಘೋಷಿಸಬೇಕು.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊಸ ಪ್ರವೇಶ-ನಿರ್ಗಮನ ವ್ಯವಸ್ಥೆ ಹಂತಹಂತವಾಗಿ ಬರಲಾರಂಭಿಸಿತು. 2026ರ ಏಪ್ರಿಲ್ 10 ಅದು ಪೂರ್ತಿಯಾಗಬೇಕಾದ ಗಡುವಾಗಿತ್ತು. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖಚಿತ್ರ ಮತ್ತು ಬೆರಳಚ್ಚನ್ನು ಕಂಪ್ಯೂಟರ್ ದಾಖಲಿಸಿಕೊಳ್ಳುವುದರಿಂದ, 90 ದಿನ ಮೀರಿದ್ದು ತಾನಾಗಿಯೇ ಗೊತ್ತಾಗುತ್ತದೆ. ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವಲ್ಲ, ಕೊನೆಯ ತೀರ್ಮಾನ ಗಡಿಯ ಅಧಿಕಾರಿಯದು. ಅದಕ್ಕಾಗಿ ಹೋಟೆಲಿನ ಪತ್ರ ಅಥವಾ ಆಹ್ವಾನ, ಹಿಂದಿರುಗುವ ಟಿಕೆಟ್, ವಿಮೆ ಇವುಗಳ ಕಾಗದದ ಪ್ರತಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನ ಕಂಪನಿಗೆ ಒಪ್ಪಿಸಿದ ಪೆಟ್ಟಿಗೆಯಲ್ಲಿ ಹಾಕಿದ ಪತ್ರ ಪಾಸ್‌ಪೋರ್ಟ್ ತಪಾಸಣೆಯ ಹೊತ್ತಿಗೆ ಉಪಯೋಗಕ್ಕೆ ಬಾರದು.

ಅರ್ಜಿ ತಿರಸ್ಕೃತವಾದರೆ

ಷೆಂಗೆನ್ ತಿರಸ್ಕಾರ ಪತ್ರದಲ್ಲಿ ಕಾರಣಗಳ ಸಿದ್ಧ ಪಟ್ಟಿಯಿದ್ದು, ಅನ್ವಯವಾಗುವ ಕಾರಣಕ್ಕೆ ಗುರುತು ಹಾಕಿರುತ್ತಾರೆ. ಪ್ರವಾಸದ ಉದ್ದೇಶ ಮನವರಿಕೆಯಾಗಿಲ್ಲ, ಹಿಂದಿರುಗುವ ಇರಾದೆಯ ಬಗ್ಗೆ ಸಂಶಯವಿದೆ ಎಂಬ ಎರಡು ಕಾರಣಗಳು ಪದೇ ಪದೇ ಕಾಣಸಿಗುತ್ತವೆ. ಮೇಲ್ಮನವಿಯ ಹಕ್ಕು ಇದ್ದೇ ಇದೆ, ಅದರ ವಿಧಾನ ಮತ್ತು ಗಡುವು ಪತ್ರದಲ್ಲೇ ಇರುತ್ತದೆ. ಜರ್ಮನಿ ಮಾತ್ರ ಕಾನ್ಸುಲೇಟಿಗೇ ಬರೆದು ಮರುಪರಿಶೀಲನೆ ಕೇಳುವ ಹಳೆಯ ಪದ್ಧತಿಯನ್ನು 2025ರ ಜುಲೈ 1ರಿಂದ ಕೈಬಿಟ್ಟಿದೆ. ಈಗ ಉಳಿದಿರುವುದು ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗುವುದು ಅಥವಾ ಹೊಸ ಅರ್ಜಿ ಹಾಕುವುದು.

ಹೊಸ ಅರ್ಜಿಗೆ ಯಾವ ಕಾಯುವ ಅವಧಿಯೂ ಇಲ್ಲ. ಆದರೆ ಅದೇ ಕಡತವನ್ನು ಹಾಗೆಯೇ ಮತ್ತೆ ಕೊಟ್ಟರೆ ಅದೇ ಉತ್ತರ ಬರುವ ಸಂಭವವೇ ಹೆಚ್ಚು. ಗುರುತು ಹಾಕಿದ ಕಾರಣಕ್ಕೆ ನೇರವಾಗಿ ಉತ್ತರ ಕೊಡುವ ಒಂದು ಪುಟದ ಪತ್ರ ಬರೆದು, ಅದನ್ನು ಸಮರ್ಥಿಸುವ ಹೊಸ ದಾಖಲೆಯನ್ನು ಅದರ ಹಿಂದೆಯೇ ಇಡಬೇಕು. ಷೆಂಗೆನ್ ದೇಶಗಳ ವೀಸಾ ದಾಖಲೆ ಒಂದೇ ಕಡೆ ಇರುವುದರಿಂದ, ಒಂದು ದೇಶದ ತಿರಸ್ಕಾರ ಉಳಿದವುಗಳಿಗೂ ಕಾಣುತ್ತದೆ. ಬ್ರಿಟನ್ ಮತ್ತು ಅಮೆರಿಕದ ಅರ್ಜಿಗಳಲ್ಲಿ ಹಿಂದೆ ವೀಸಾ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆ ಪ್ರಶ್ನೆಗೆ 'ಹೌದು' ಎಂದು ಬರೆದು, ಕೆಳಗಿನ ಜಾಗದಲ್ಲಿ ದೇಶ, ತಿಂಗಳು ಮತ್ತು ಕೊಟ್ಟ ಕಾರಣವನ್ನು ಇದ್ದದ್ದು ಇದ್ದಂತೆ ತುಂಬಬೇಕು.